ಕಾಯಿ ಚೀಲದ ಭಾರ, ಹಿಂದಿನ ಶಾಕಿನ ಲೆಕ್ಕ

ಹಂದನಕೆರೆ ಹೋಬಳಿಯಲ್ಲಿ ಯಾವ ಊರಿಗೆ ಹೋದರೂ ತೋಟಕ್ಕೆ ಇಳಿಯುವ ದಾರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಊರ ಕೊನೆಯ ಮನೆಗೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಕೆರೆ ಏರಿ, ಏರಿ ಇಳಿದರೆ ಜಲ್ಲಿ ಎದ್ದ ಕಚ್ಚಾ ರಸ್ತೆ, ಅದೂ ಮುಗಿದ ಮೇಲೆ ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಜಾಡು, ನಡುವೆ ಹುಲ್ಲು ಬೆಳೆದ ದಿಣ್ಣೆ. ಮಳೆಗೆ ಬಿದ್ದ ಗುಂಡಿಗೆ ಯಾರೋ ತೆಂಗಿನ ಮಟ್ಟೆ ತುಂಬಿ ಮೇಲೆ ಮಣ್ಣೆಳೆದಿರುತ್ತಾರೆ. ಮಟ್ಟೆ ಕೊಳೆತ ಮೇಲೆ ಗುಂಡಿ ಮತ್ತೆ ಬಾಯಿ ಬಿಡುತ್ತದೆ. ಮೌಂಟನ್ ಬೈಕ್ ಎಂಬ ಬೆಟ್ಟದ ಸೈಕಲ್ ಓಡಿಸುವ ಪೇಟೆಯ ಹುಡುಗರು ಇಂಥ ದಾರಿಗಳನ್ನೇ ಹುಡುಕಿಕೊಂಡು ರಜೆಯ ದಿನ ಊರು ಬಿಟ್ಟು ಹೊರಡುತ್ತಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ರೈತ ಇದೇ ದಾರಿಯಲ್ಲಿ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ತೋಟಕ್ಕೆ ಹೋಗಿ, ಹೊತ್ತೇರಿದ ಮೇಲೆ ಹಿಂದೊಂದು ಮುಂದೊಂದು ಚೀಲ ಕಾಯಿ ಇಟ್ಟುಕೊಂಡು ಮನೆಗೆ ಬರುತ್ತಾನೆ.

ಆ ಗಾಡಿಯ ಹಿಂಚಕ್ರಕ್ಕೂ ಸೀಟಿಗೂ ನಡುವೆ ಸುಮಾರು ಒಂದಡಿ ಉದ್ದದ ಸಾಮಾನೊಂದು ಇರುತ್ತದೆ. ಪುಸ್ತಕದಲ್ಲಿ ಶಾಕ್ ಅಬ್ಸಾರ್ಬರ್, ಬಾಯಲ್ಲಿ ಬರೀ ಶಾಕ್. 'ಶಾಕ್ ಹೋಗೈತಣ್ಣ, ಗಟ್ಟಿದು ಹಾಕ್ಸು' ಎಂಬ ಮಾತು ನಮ್ಮ ಕಡೆ ಗ್ಯಾರೇಜುಗಳಲ್ಲಿ ದಿನವೂ ಕೇಳುತ್ತದೆ. ಈಚೆಗೆ ವಿದ್ಯುತ್ ಸ್ಕೂಟರುಗಳು ತೋಟದ ಮನೆಗಳಿಗೂ ಬಂದಿರುವುದರಿಂದ ಆ ಮಾತು ಇನ್ನೂ ಜಾಸ್ತಿಯಾಗಿದೆ. ಶಾಕ್ ಬದಲಿಸುವುದು ಒಳ್ಳೆಯದೇ. ಆದರೆ ಗಟ್ಟಿ ಎಂಬ ಒಂದೇ ಗುಣ ನೋಡಿ ಬದಲಿಸಿದರೆ ದುಡ್ಡೂ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಒಳಗಿನ ಎಣ್ಣೆ. ಈ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ, ನಾವು ದಿನವೂ ಹೇರುವ ಭಾರಕ್ಕೆ ಹೊಂದಿಸಿಕೊಳ್ಳಬೇಕು. ಆ ಲೆಕ್ಕ ಕಷ್ಟದ್ದೇನಲ್ಲ; ಒಂದು ಅಳತೆ ಟೇಪು, ಒಂದು ತಕ್ಕಡಿ ಸಾಕು.

ನಮ್ಮ ಸೀಮೆಯಲ್ಲಿ ಭಾರ ಸಾಗಿಸಿದ ಗಾಡಿಗಳಿಗೆ ಬಹಳ ಕಾಲ ಸ್ಪ್ರಿಂಗೇ ಇರಲಿಲ್ಲ. ಎತ್ತಿನ ಬಂಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಅಷ್ಟೆ. ಆಮೇಲೆ ಡನ್ಲಪ್ ಗಾಡಿ ಬಂದಾಗ ಟೈರಿನೊಳಗಿನ ಗಾಳಿಯೇ ಮೊದಲ ಸ್ಪ್ರಿಂಗ್ ಆಯಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ಲುಗಳು ಬರತೊಡಗಿದವು. ಹಿಂದೆ ಎರಡು ಶಾಕ್ ಇದ್ದ ಆ ಗಾಡಿಗಳು ಹಳ್ಳಿಯಲ್ಲಿ ಅನುಕೂಲಸ್ಥರ ಮನೆ ಮುಂದೆ ಮಾತ್ರ ಕಾಣುತ್ತಿದ್ದವು. ಎಲ್ಲರ ಕೈಗೆ ಎಟುಕಿದ್ದು 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದು. ಅದರ ವಂಶದ ಎಕ್ಸ್‌ಎಲ್ ಗಾಡಿಗಳು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಬದುಕಿನ ಭಾಗವೇ ಆಗಿಹೋದವು. 2015ರಲ್ಲಿ ಬಂದ ಎಕ್ಸ್‌ಎಲ್ 100 ಗಾಡಿಗೆ 99.7 ಸಿ.ಸಿ. ಎಂಜಿನ್, ಗಾಡಿಯ ತೂಕ 90 ಕಿಲೊ ಒಳಗೆ, ಹೊರಬಹುದಾದ ಭಾರ 130 ಕಿಲೊ.

ಆ 130 ಕಿಲೊ ಎಂದರೆ ಸವಾರನೂ ಸೇರಿ. 60 ಕಿಲೊ ತೂಗುವ ಮನುಷ್ಯ ಕೂತರೆ ಉಳಿಯುವುದು 70. ಸುಲಿದ ಕಾಯಿ ಒಂದೊಂದು ಅರ್ಧ ಕಿಲೊ ಮೇಲೆ ತೂಗುತ್ತದೆ, ಆದ್ದರಿಂದ 100 ಕಾಯಿ ತುಂಬಿದ ಚೀಲ 55 ಕಿಲೊ ಆಸುಪಾಸು. ಎರಡು ಚೀಲ ಹೇರಿದರೆ ಕಂಪನಿ ಹೇಳಿದ ಮಿತಿ ದಾಟಿತು. ಸುಲಿಯದ ಕಾಯಿಯಾದರೆ ಇನ್ನೂ ಬೇಗ. ಆದರೂ ಎಕ್ಸ್‌ಎಲ್ ತಡೆದುಕೊಂಡಿದೆ, ಏಕೆಂದರೆ ಅದನ್ನು ಹೊರುವುದಕ್ಕೆಂದೇ ಮಾಡಿದ್ದಾರೆ: ಸ್ಪ್ರಿಂಗ್ ಬಿರುಸು, ಚಕ್ರ ದೊಡ್ಡದು, ಕೆಡುವ ಭಾಗ ಕಡಿಮೆ. ವಿದ್ಯುತ್ ಸ್ಕೂಟರುಗಳ ಹುಟ್ಟು ಬೇರೆ. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ಕಂಪನಿಯ ಮೊದಲ ಸ್ಕೂಟರುಗಳು 2018ರಲ್ಲಿ ಓಡಾಡಿದ್ದು ಬೆಂಗಳೂರಿನ ರಸ್ತೆಗಳಲ್ಲಿ. ಅವುಗಳದೂ ಟಿವಿಎಸ್ ಐಕ್ಯೂಬಿನದೂ ತೂಕ ಎಕ್ಸ್‌ಎಲ್‌ಗಿಂತ ಹೆಚ್ಚು. ಚಕ್ರ ಚಿಕ್ಕದು. ಆಫೀಸಿಗೆ ಹೋಗುವವರ ಭಾರ, ಆಫೀಸಿನ ರಸ್ತೆ ಮನಸ್ಸಿನಲ್ಲಿಟ್ಟುಕೊಂಡು ಅವುಗಳ ಸ್ಪ್ರಿಂಗ್ ಹೊಂದಿಸಿದ್ದಾರೆ. ಮನೆಯಲ್ಲೇ ಚಾರ್ಜ್ ಆಗುತ್ತದೆ, ಪೆಟ್ರೋಲ್ ಬಂಕಿಗೆ ಅಂತ ಪೇಟೆಗೆ ಓಡಬೇಕಿಲ್ಲ ಎಂದು ಹಳ್ಳಿಯವರು ತಂದುಕೊಂಡರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಕಾಯಿ ಚೀಲ ಎಲ್ಲವೂ ಅದರ ಮೇಲೇರಿದವು.

ಭಾರ ಏರಿದಾಗ ಆಗುವುದೇನು ಎಂದು ಒಂದು ಉದಾಹರಣೆಯ ಲೆಕ್ಕ ಹಿಡಿಯೋಣ. ಹಿಂಚಕ್ರ ಮೇಲೆ ಕೆಳಗೆ ಒಟ್ಟು 80 ಮಿ.ಮೀ. ಆಡಬಲ್ಲದು. ಎರಡೂ ಬದಿಯ ಸ್ಪ್ರಿಂಗ್ ಸೇರಿ ಒಂದು ಮಿ.ಮೀ. ಅದುಮಲು 3 ಕಿಲೊ ಭಾರ ಬೇಕು. ಸವಾರ ಒಬ್ಬನೇ ಕೂತಾಗ ಅವನದೂ ಗಾಡಿಯದೂ ಸೇರಿ ಹಿಂದಿನ ಸ್ಪ್ರಿಂಗಿನ ಮೇಲೆ 60 ಕಿಲೊ ಬೀಳುತ್ತದೆ. ಗಾಡಿ 20 ಮಿ.ಮೀ. ಕೂರುತ್ತದೆ, ಇನ್ನೂ 60 ಮಿ.ಮೀ. ಉಳಿದಿರುತ್ತದೆ. ಗುಂಡಿ, ಕಲ್ಲು, ಬೇರು ಏನೇ ಬಂದರೂ ಆ 60ರೊಳಗೆ ಕರಗುತ್ತದೆ. ಈಗ ಸೀಟಿನ ಹಿಂದೆ 60 ಕಿಲೊ ಕಾಯಿ ಹೇರಿ. ಆ ಭಾರ ಪೂರ್ತಿ ಹಿಂಚಕ್ರದ ಪಾಲಿಗೇ ಬರುತ್ತದೆ. ಗಾಡಿ 40 ಮಿ.ಮೀ. ಕೂತಿತು, ಆಡಲು ಉಳಿದದ್ದು 40 ಮಾತ್ರ. ಅದೇ ಗುಂಡಿಗೆ ಈಗ ದುಪ್ಪಟ್ಟು ಭಾರ ಬೀಳುತ್ತದೆ, ಜಾಗ ಮೂರನೇ ಒಂದು ಪಾಲು ಕಡಿಮೆಯಾಗಿದೆ. ಸ್ಪ್ರಿಂಗ್ ಪೂರ್ತಿ ಅದುಮಿ, ಒಳಗಿನ ರಬ್ಬರ್ ಬಿಲ್ಲೆಗೆ 'ಧಡ್' ಎಂದು ಹೊಡೆಯುತ್ತದೆ. ಆ ಪೆಟ್ಟು ಫ್ರೇಮಿಗೆ, ಸೀಟಿಗೆ, ಬೆನ್ನೆಲುಬಿಗೆ ನೇರವಾಗಿ ಹೋಗುತ್ತದೆ.

ಇದಕ್ಕೆ ಗ್ಯಾರೇಜಿನಲ್ಲಿ ಮೊದಲು ಮಾಡುವುದು ಶಾಕಿನ ಬುಡದ ಕಾಲರ್ ತಿರುಗಿಸುವುದು. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಆ ಬಳೆಯನ್ನು ಸ್ಪ್ಯಾನರಿನಿಂದ ಒಂದು ಮೆಟ್ಟಿಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಯಿತು ಎಂದು ಎಲ್ಲರೂ ನಂಬುತ್ತಾರೆ. ಸ್ಪ್ರಿಂಗಿನ ಬಿರುಸು ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆಯಿಂದ ಬರುತ್ತದೆ. ಕಾಲರ್ ತಿರುಗಿಸಿದರೆ ಇವು ಯಾವುದೂ ಬದಲಾಗುವುದಿಲ್ಲ. ಗಾಡಿಯ ಹಿಂಭಾಗ ಸ್ವಲ್ಪ ಎತ್ತರಕ್ಕೆ ಬಂದು ನಿಲ್ಲುತ್ತದೆ, ಅಷ್ಟೆ. ಅದರಿಂದ ಪ್ರಯೋಜನವಿಲ್ಲ ಎಂದಲ್ಲ: ಭಾರ ಹೇರಿದಾಗ 40 ಕೂರುತ್ತಿದ್ದ ಗಾಡಿ 30 ಕೂತರೆ ಗುಂಡಿಗೆ ಇನ್ನೊಂದು 10 ಮಿ.ಮೀ. ಸಿಕ್ಕಂತಾಯಿತು. ಖರ್ಚಿಲ್ಲದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕು. ಸಂಜೆ ಭಾರ ಇಳಿಸಿದ ಮೇಲೆ ಕಾಲರನ್ನು ಮತ್ತೆ ಇಳಿಸಬೇಕು ಎಂಬುದೊಂದು ಉಂಟು. ಅದನ್ನು ಮಾಡುವವರನ್ನು ನಾನು ಕಂಡಿಲ್ಲ.

ಕಾಲರ್ ಸಾಲದಾದಾಗ ಬಿರುಸಾದ ಸ್ಪ್ರಿಂಗಿನ ಮಾತು ಬರುತ್ತದೆ. ಅದೇ ಲೆಕ್ಕದಲ್ಲಿ 3 ಕಿಲೊ ಬದಲು 4.5 ಕಿಲೊ ಬೇಡುವ ಸ್ಪ್ರಿಂಗ್ ಹಾಕೋಣ. ಕಾಯಿ ಹೇರಿದಾಗ ಗಾಡಿ 27 ಮಿ.ಮೀ. ಮಾತ್ರ ಕೂರುತ್ತದೆ, ಬಹಳ ಚೆನ್ನಾಯಿತು. ಸವಾರ ಒಬ್ಬನೇ ಹೋಗುವಾಗ 13 ಮಿ.ಮೀ. ಕೂರುತ್ತದೆ. ತೊಂದರೆ ಇರುವುದು ಇಲ್ಲಿ. ಸ್ಪ್ರಿಂಗಿನ ಮೇಲಿಟ್ಟ ಭಾರಕ್ಕೆ ತನ್ನದೇ ಒಂದು ಕುಣಿತದ ವೇಗ ಇರುತ್ತದೆ, ಅದು ಎಷ್ಟು ಕೂತಿದೆ ಎಂಬುದರ ಮೇಲೆ ನಿಂತಿದೆ. 20 ಮಿ.ಮೀ. ಕೂತ ಗಾಡಿ ಸೆಕೆಂಡಿಗೆ ಸುಮಾರು ಮೂರೂವರೆ ಸಲ ಕುಣಿಯುತ್ತದೆ. 40 ಕೂತದ್ದು ಎರಡೂವರೆ ಸಲ. 13 ಕೂತದ್ದು ನಾಲ್ಕೂವರೆ ಸಲದ ಹತ್ತಿರ. ಕೂತ ಮನುಷ್ಯನ ಮೈ ಮೇಲೆಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ 4ರಿಂದ 8 ಸಲದ ನಡುವೆ ಎಂಬುದನ್ನು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಲೆಕ್ಕಕ್ಕೆ ತೆಗೆದುಕೊಂಡಿದೆ. ಸೊಂಟದ ಬೆನ್ನೆಲುಬಿನ ಸಹಜ ಕಂಪನವೂ ಅದೇ ಆಸುಪಾಸಿನದು. ಅಂದರೆ ಭಾರಕ್ಕೆಂದು ಹಾಕಿದ ಗಟ್ಟಿ ಸ್ಪ್ರಿಂಗ್, ಭಾರವಿಲ್ಲದ ಹೊತ್ತಿನಲ್ಲಿ ನಮ್ಮ ಗಾಡಿಯನ್ನು ತಂದು ಸೊಂಟಕ್ಕೆ ಅತಿ ಕೆಟ್ಟದಾದ ಜಾಗದಲ್ಲೇ ನಿಲ್ಲಿಸಿತು. ದಿನದ ಓಡಾಟದಲ್ಲಿ ಅರ್ಧ ಖಾಲಿ ಗಾಡಿಯದೇ ಅಲ್ಲವೆ?

ಆದ್ದರಿಂದ ನನ್ನ ಮಾತು ಇಷ್ಟು: ವಾರಕ್ಕೊಮ್ಮೆ ಎರಡು ಚೀಲ ಹೇರುವವರು ಸ್ಪ್ರಿಂಗ್ ಬದಲಿಸಬೇಕಿಲ್ಲ, ಆ ಒಂದು ದಿನ ಎರಡು ಸಲ ಓಡಾಡಲಿ, ಅಥವಾ ನೆರೆಯವರ ಎಕ್ಸ್‌ಎಲ್ ಕೇಳಲಿ. ದಿನವೂ ಭಾರ ಹೊರುವವರು ಬದಲಿಸಲಿ, ಅದೂ ಒಂದೇ ಸಲಕ್ಕೆ ಒಂದೂವರೆ ಪಟ್ಟು ಗಟ್ಟಿಯದಕ್ಕೆ ಹಾರದೆ, ಐದರಲ್ಲಿ ಒಂದು ಪಾಲು ಹೆಚ್ಚು ಬಿರುಸಾದದ್ದಕ್ಕೆ. ಸುರುಳಿಗಳು ಒಂದು ತುದಿಗೆ ಹತ್ತಿರ ಹತ್ತಿರ, ಇನ್ನೊಂದು ತುದಿಗೆ ದೂರ ದೂರ ಇರುವ ಸ್ಪ್ರಿಂಗುಗಳೂ ಸಿಗುತ್ತವೆ. ಹತ್ತಿರದ ಸುರುಳಿಗಳು ಮೊದಲು ಅದುಮಿ ಒಂದಕ್ಕೊಂದು ತಾಗಿ ಸುಮ್ಮನಾಗುತ್ತವೆ, ಆಮೇಲೆ ಉಳಿದ ಕೆಲವೇ ಸುರುಳಿಗಳು ಭಾರ ಹೊರಬೇಕಾದ್ದರಿಂದ ಸ್ಪ್ರಿಂಗ್ ಬಿರುಸಾಗುತ್ತದೆ. ಖಾಲಿ ಇದ್ದಾಗ ಮೆದು, ಭಾರಕ್ಕೆ ಗಟ್ಟಿ. ಕಾಯಿ ಸಾಗಿಸುವವರಿಗೆ ಒಪ್ಪುವುದು ಇದೇ.

ಇಷ್ಟೂ ಸ್ಪ್ರಿಂಗಿನ ಕಥೆ. ಶಾಕಿನ ಅರ್ಧ ಬೆಲೆ, ಅರ್ಧಕ್ಕಿಂತ ಹೆಚ್ಚು ಬುದ್ಧಿ ಇರುವುದು ಸ್ಪ್ರಿಂಗಿನ ಒಳಗಿನ ಕೊಳವೆಯಲ್ಲಿ. ಸ್ಪ್ರಿಂಗ್ ತನಗೆ ಬಿದ್ದ ಪೆಟ್ಟನ್ನು ತಿನ್ನುವುದಿಲ್ಲ, ಇಟ್ಟುಕೊಂಡು ವಾಪಸ್ ಕೊಡುತ್ತದೆ. ಗುಂಡಿ ದಾಟಿದ ಮೇಲೂ ಗಾಡಿ ಮೂರು ನಾಲ್ಕು ಸಲ ಕುಣಿಯುವುದು ಅದಕ್ಕೇ. ಆ ಪೆಟ್ಟನ್ನು ನಿಜವಾಗಿ ತಿನ್ನುವುದು ಎಣ್ಣೆ. ಕೊಳವೆಯೊಳಗೆ ಎಣ್ಣೆ, ಅದರಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಮೆಲ್ಲಗೆ ಒತ್ತಿದಾಗ ಸುಲಭ, ರಭಸವಾಗಿ ಒತ್ತಿದಾಗ ಕಷ್ಟ. ಶಾಕಿನ ಎಣ್ಣೆಯೂ ಹಾಗೆಯೇ, ಚಕ್ರ ಎಷ್ಟು ವೇಗವಾಗಿ ಆಡುತ್ತದೋ ಅಷ್ಟು ಜೋರಾಗಿ ತಡೆಯುತ್ತದೆ. ತಡೆದ ಶಕ್ತಿ ಶಾಖವಾಗುತ್ತದೆ. ಕೆಟ್ಟ ದಾರಿಯಲ್ಲಿ ಬಹಳ ದೂರ ಬಂದ ಗಾಡಿಯ ಶಾಕಿಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಇದ್ದರೆ ಅದು ಕೆಲಸ ಮಾಡಿದೆ ಎಂದರ್ಥ.

ಚಕ್ರ ಮೇಲೇರುವಾಗ ಎಣ್ಣೆಯ ತಡೆ ಕಡಿಮೆ ಇರುತ್ತದೆ, ಸ್ಪ್ರಿಂಗ್ ಹಿಂದಕ್ಕೆ ಒದೆಯುವಾಗ ಹೆಚ್ಚು. ಹೀಗೆ ಬೇರೆ ಬೇರೆ ತಡೆ ಒಡ್ಡಲು ಪಿಸ್ಟನ್ನಿಗೆ ತೆಳು ಉಕ್ಕಿನ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಗಟ್ಟಿ ಸ್ಪ್ರಿಂಗ್ ಹೆಚ್ಚು ಜೋರಾಗಿ ಒದೆಯುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ತಡೆಯ ಎಣ್ಣೆಯೂ ಬೇಕು. ನಮ್ಮ ಪೇಟೆಗಳಲ್ಲಿ ಮಾಡುವ ತಪ್ಪು ಇಲ್ಲೇ: ಹಳೆಯ ಶಾಕಿನ ಎಣ್ಣೆ ಸೋರಿ ಬತ್ತಿದೆ, ಸ್ಪ್ರಿಂಗ್ ಮಾತ್ರ ತೆಗೆದು ದಪ್ಪ ತಂತಿಯದು ಹಾಕಿಕೊಡುತ್ತಾರೆ. ಅಂಗಡಿ ಮುಂದೆ ಅದುಮಿ ನೋಡಿದರೆ ಗಟ್ಟಿಯಾಗಿದೆ. ತೋಟದ ದಾರಿಯಲ್ಲಿ ಮೊದಲ ಗುಂಡಿಗೇ ಹಿಂಚಕ್ರ ನೆಲ ಬಿಟ್ಟು ಹಾರುತ್ತದೆ. ಚಕ್ರ ಗಾಳಿಯಲ್ಲಿರುವಾಗ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಹಿಂದೆ ಚೀಲವಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಕೆರೆ ಏರಿಯ ಮೇಲೆ ಹೀಗಾದರೆ ಏನಾದೀತು ಎಂದು ಹೇಳಬೇಕಿಲ್ಲ.

ಅಂಗಡಿಯಲ್ಲಿ 'ಗ್ಯಾಸ್ ಶಾಕ್' ಎಂದು ಹೆಚ್ಚು ಬೆಲೆಗೆ ಮಾರುವುದರ ಅರ್ಥವೂ ತಿಳಿದಿರಲಿ. ಬಿಡುವಿಲ್ಲದೆ ಆಡಿದ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ತುಂಬಿದ ಎಣ್ಣೆಗೆ ತಡೆಯುವ ಶಕ್ತಿ ಇರುವುದಿಲ್ಲ. ಎಣ್ಣೆಯನ್ನು ನೈಟ್ರೋಜನ್ ಅನಿಲದ ಒತ್ತಡದಲ್ಲಿ ಇಟ್ಟರೆ ಗುಳ್ಳೆ ಏಳುವುದು ತಪ್ಪುತ್ತದೆ. 1950ರ ದಶಕದಲ್ಲಿ ಫ್ರಾನ್ಸಿನ ಕ್ರಿಸ್ಟಿಯಾನ್ ಬೂರ್ಸಿಯೆ ದ ಕಾರ್ಬೋನ್ ಈ ಉಪಾಯವನ್ನು ಕಾರುಗಳಿಗೆ ತಂದರು. ಅನಿಲಕ್ಕೂ ಎಣ್ಣೆಗೂ ನಡುವೆ ತೇಲುವ ಒಂದು ಪಿಸ್ಟನ್ ಇಟ್ಟದ್ದು ಅವರ ಹೆಚ್ಚುಗಾರಿಕೆ. ಶಾಕಿನ ಪಕ್ಕಕ್ಕೆ ಅಂಟಿಕೊಂಡ ಡಬ್ಬಿ ಕಂಡರೆ ಅದರಲ್ಲಿ ಅನಿಲ ಇದೆ ಎಂದುಕೊಳ್ಳುತ್ತೇವೆ. ಅಗ್ಗದ ಕೆಲವು ಮಾಲಿನಲ್ಲಿ ಆ ಡಬ್ಬಿ ಬರೀ ಅಂದಕ್ಕೆ. ಡಬ್ಬಿ ನೋಡಿ ಬೆಲೆ ಕೊಡಬಾರದು. ತಯಾರಕರ ಹೆಸರು, ಭಾಗದ ಸಂಖ್ಯೆ, ಯಾವ ಮಾದರಿಯ ಗಾಡಿಗೆ ಎಂಬ ಪಟ್ಟಿ, ಬಿಲ್ಲು ಇವನ್ನು ನೋಡಬೇಕು. ಗೇಬ್ರಿಯಲ್ ಇಂಡಿಯಾ 1961ರಿಂದ ಈ ದೇಶದಲ್ಲಿ ಶಾಕ್ ಮಾಡುತ್ತಿದೆ. ಎಂಡ್ಯೂರೆನ್ಸ್, ಮುಂಜಾಲ್ ಶೋವಾದಂಥ ಕಂಪನಿಗಳೂ ಇವೆ. ಗಾಡಿಯ ಕಂಪನಿಗಳಿಗೆ ಶಾಕ್ ಪೂರೈಸುವವರೂ ಇಂಥವರೇ. ಊರಿನ ಗ್ಯಾರೇಜಿಗೆ ಒಳ್ಳೆಯ ಮಾಲು ಸಿಗುವುದಿಲ್ಲ ಎಂಬುದು ನಿಜವಲ್ಲ, ಕೇಳಿದರೆ ತರಿಸಿಕೊಡುತ್ತಾರೆ.

ಬೆಟ್ಟದ ಸೈಕಲ್ಲಿನವರಿಂದ ನಾವು ಕಲಿಯಬೇಕಾದದ್ದು ಈ ವಿಷಯದಲ್ಲಿ ಬಹಳ ಇದೆ. ಅಮೆರಿಕದಲ್ಲಿ ಬಾಬ್ ಫಾಕ್ಸ್ 1974ರಲ್ಲಿ ಮೋಟೊಕ್ರಾಸ್ ಬೈಕುಗಳಿಗೆಂದು ಶಾಕ್ ಮಾಡತೊಡಗಿದರು. 1989ರಲ್ಲಿ ಪಾಲ್ ಟರ್ನರ್ ಶುರುಮಾಡಿದ ರಾಕ್‌ಶಾಕ್ಸ್ ಕಂಪನಿ ಸೈಕಲ್ಲಿಗೇ ಎಣ್ಣೆಯ ಫೋರ್ಕ್ ತಂದಿತು. ಮರುವರ್ಷ ಅಮೆರಿಕದ ಡುರಾಂಗೋದಲ್ಲಿ ನಡೆದ ಬೆಟ್ಟದ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗ್ರೆಗ್ ಹರ್ಬೋಲ್ಡ್ ಅದೇ ಫೋರ್ಕಿನ ಸೈಕಲ್ ಮೇಲೆ ಬೆಟ್ಟ ಇಳಿದು ಗೆದ್ದರು. ಈಗಿನ ವಿದ್ಯುತ್ ಬೆಟ್ಟದ ಸೈಕಲ್ಲುಗಳು ಮೋಟಾರು ಬ್ಯಾಟರಿ ಸೇರಿ 22ರಿಂದ 25 ಕಿಲೊ ತೂಗುತ್ತವೆ. ಸಾದಾ ಬೆಟ್ಟದ ಸೈಕಲ್ಲಿಗಿಂತ ಎಂಟು ಹತ್ತು ಕಿಲೊ ಹೆಚ್ಚು. ಅದಕ್ಕೆ ತಕ್ಕ ಹಿಂದಿನ ಶಾಕ್ ಬದಲಿಸಿಕೊಳ್ಳುವುದು ಆ ಸವಾರರ ದೊಡ್ಡ ಹವ್ಯಾಸ. ಅವರು ಶಾಕ್ ಕೊಳ್ಳುವಾಗ ಗಟ್ಟಿಯೋ ಮೆದುವೋ ಎಂದು ಕೇಳುವುದಿಲ್ಲ, ಎರಡು ಅಂಕಿ ಹೇಳುತ್ತಾರೆ: 210×55 ಅಂದರೆ ಕಣ್ಣಿನಿಂದ ಕಣ್ಣಿಗೆ 210 ಮಿ.ಮೀ. ಉದ್ದ, ಅದುಮುವುದು 55 ಮಿ.ಮೀ. ಕಣ್ಣು ಎಂದರೆ ಬೋಲ್ಟು ಹಾಯುವ ತೂತು. ಶಾಕಿನ ಕಡ್ಡಿಗೆ ಒಂದು ರಬ್ಬರ್ ಉಂಗುರ ಹಾಕಿರುತ್ತಾರೆ. ಸವಾರ ಮೆಲ್ಲಗೆ ಕೂತು ಇಳಿದರೆ ಉಂಗುರ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಶಾಕ್ ಕೂತಿದೆ ಎಂದು ಗೊತ್ತಾಗುತ್ತದೆ. ಒಟ್ಟು ಆಟದ ನೂರಕ್ಕೆ 25ರಿಂದ 30 ಪಾಲು ಕೂತರೆ ಸರಿ. ಗಾಳಿ ತುಂಬಿದ ಶಾಕಾದರೆ ಪಂಪಿನಿಂದ ಗಾಳಿ ಏರಿಸಿ ಇಳಿಸಿ ಸವಾರನ ತೂಕಕ್ಕೆ ಹೊಂದಿಸುತ್ತಾರೆ. ಅದರೊಳಗಿನ ಒತ್ತಡ ಸ್ಕೂಟರ್ ಟೈರಿನದಕ್ಕಿಂತ ಐದಾರು ಪಟ್ಟು ಹೆಚ್ಚು.

ಅವರಿಗೂ ನಮಗೂ ವ್ಯತ್ಯಾಸ ಒಂದಿದೆ. ಸೈಕಲ್ ಸವಾರನ ತೂಕ ಬೆಳಿಗ್ಗೆಗೂ ಸಂಜೆಗೂ ಬದಲಾಗುವುದಿಲ್ಲ, ನಮ್ಮ ಹಿಂಚಕ್ರದ ಮೇಲಿನ ಭಾರ ದಿನಕ್ಕೆರಡು ಸಲ ದುಪ್ಪಟ್ಟಾಗಿ ಅರ್ಧವಾಗುತ್ತದೆ. ಆದ್ದರಿಂದ ಅವರ ಸಾಮಾನು ನಮಗೆ ಒಗ್ಗುವುದಿಲ್ಲ, ಅವರ ಅಳತೆಯ ಪದ್ಧತಿ ಪೂರ್ತಿ ಒಗ್ಗುತ್ತದೆ. ಹಿಂದೆ ಒಂದೇ ಶಾಕಿರುವ ಅಗ್ಗದ ವಿದ್ಯುತ್ ಸೈಕಲ್ ಕೊಂಡ ಹುಡುಗರು ನಮ್ಮ ಕಡೆಯೂ ಇದ್ದಾರೆ, ಅವರಿಗೊಂದು ಮಾತು. ಅಂಥ ಶಾಕಿನ ಸ್ಪ್ರಿಂಗಿನ ಮೇಲೆ '750' ಎಂದು ಬರೆದಿರುವುದನ್ನು ನೋಡಿರುತ್ತೀರಿ. ಒಂದು ಅಂಗುಲ ಅದುಮಲು 750 ಪೌಂಡ್ ಬೇಕು ಎಂದರ್ಥ, ನಮ್ಮ ಲೆಕ್ಕದಲ್ಲಿ ಒಂದು ಮಿ.ಮೀ.ಗೆ 13.4 ಕಿಲೊ. ಬಹಳ ಗಟ್ಟಿ ಎನಿಸುತ್ತದೆ. ಆದರೆ ಸೈಕಲ್ಲಿನಲ್ಲಿ ಶಾಕ್ ಚಕ್ರದಿಂದ ದೂರದಲ್ಲಿರುತ್ತದೆ, ಚಕ್ರ 3 ಮಿ.ಮೀ. ಆಡಿದರೆ ಶಾಕ್ 1 ಮಿ.ಮೀ. ಆಡುತ್ತದೆ. ಆಗ ಚಕ್ರಕ್ಕೆ ಸಿಗುವ ಬಿರುಸನ್ನು 3ರ ವರ್ಗದಿಂದ, ಅಂದರೆ 9ರಿಂದ ಭಾಗಿಸಬೇಕು: ಒಂದೂವರೆ ಕಿಲೊ ಮಾತ್ರ. ಸನ್ನೆ ಬದಲಾದರೆ ಅದೇ ಸ್ಪ್ರಿಂಗ್ ಬೇರೆ ಸೈಕಲ್ಲಿನಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ಗೆಳೆಯನ ಸೈಕಲ್ಲಿಗೆ ಚೆನ್ನಾಗಿ ಕೂತಿತು ಎಂದು ಅದೇ ಶಾಕ್ ತರಿಸಿಕೊಂಡರೆ ಅರ್ಧದಷ್ಟೇ ಕೆಲಸ ಕೊಡಬಹುದು. ಇಂಥ ಅಗ್ಗದ ಶಾಕುಗಳಲ್ಲಿ ಎಷ್ಟೋ ಬರೀ ಸ್ಪ್ರಿಂಗುಗಳು, ಒಳಗೆ ಎಣ್ಣೆ ಇರುವುದಿಲ್ಲ. ಅದನ್ನು ಎಣ್ಣೆಯ ಶಾಕಿಗೆ ಬದಲಿಸುವುದೇ ನಿಜವಾದ ಏಳಿಗೆ.

ಒಂಟಿ ಶಾಕ್ ಮೋಟಾರ್ ಸೈಕಲ್ಲುಗಳಲ್ಲಿ ಹೆಸರಾದದ್ದೂ ದೂರದ ದಾರಿಯಿಂದ. ಬೆಲ್ಜಿಯಮ್ಮಿನ ಲ್ಯೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ಯೋಚಿಸಿದ ಒಂಟಿ ಶಾಕಿನ ಏರ್ಪಾಟನ್ನು ಯಮಹಾ ಕಂಪನಿ ತೆಗೆದುಕೊಂಡಿತು. 1973ರಲ್ಲಿ ಹೋಕನ್ ಆಂಡರ್ಸನ್ ಅದರ ಮೇಲೆ 250 ಸಿ.ಸಿ. ಮೋಟೊಕ್ರಾಸ್ ವಿಶ್ವ ಪಟ್ಟ ಗೆದ್ದಮೇಲೆ ಜಗತ್ತೆಲ್ಲ ಒಪ್ಪಿತು. ಏಥರ್ ಸ್ಕೂಟರುಗಳ ಹಿಂದೆ ಇರುವುದು ಒಂಟಿ ಶಾಕ್, ಐಕ್ಯೂಬಿಗೆ ಎರಡು. ಎರಡಿದ್ದರೆ ಭಾರ ಹಂಚಿಕೆಯಾಗುತ್ತದೆ, ಬದಲಿಸುವುದೂ ಸುಲಭ. ಒಂದಿದ್ದರೆ ಅದರ ಜಾಗ, ಉದ್ದ, ಕೋನ ಎಲ್ಲವೂ ಆ ಗಾಡಿಗೇ ಹೊಂದಿಸಿದ್ದಾದ್ದರಿಂದ ಬೇರೆ ಗಾಡಿಯದನ್ನು ಒತ್ತಾಯಕ್ಕೆ ಕೂರಿಸಬಾರದು.

ಹೊಸ ಶಾಕಿಗೆ ದುಡ್ಡು ಎಣಿಸುವ ಮೊದಲು ನೋಡಬೇಕಾದವು ಕೆಲವಿವೆ. ಟೈರಿನ ಗಾಳಿ ಮೊದಲು. ಗಾಳಿ ಹೆಚ್ಚಾದರೆ ಗಾಡಿ ಒದೆಯುತ್ತದೆ, ಕಡಿಮೆಯಾದರೆ ರಿಮ್ಮಿಗೆ ಪೆಟ್ಟು. ಒಬ್ಬನೇ ಇದ್ದಾಗ ಎಷ್ಟು, ಭಾರಕ್ಕೆ ಎಷ್ಟು ಎಂದು ಗಾಡಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಆಮೇಲೆ ಬುಷ್. ಶಾಕಿನ ಕಣ್ಣಿನಲ್ಲಿರುವ ರಬ್ಬರ್ ಬುಷ್ ಸವೆದಿದ್ದರೆ ಗುಂಡಿಗೆ 'ಟಕ್ ಟಕ್' ಸದ್ದು ಬರುತ್ತದೆ, ಶಾಕೇ ಹೋಯಿತು ಎನಿಸುತ್ತದೆ. ಹಿಂಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ ಬುಷ್ ಸವೆದಿದ್ದರೆ ಹಿಂಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿದಾಗ ಆಡುತ್ತದೆ. ಇನ್ನು ಶಾಕಿನ ಹೊಳೆಯುವ ಕಡ್ಡಿಯ ಸುತ್ತ ಎಣ್ಣೆ ಮೆತ್ತಿ ಅದಕ್ಕೆ ಕೆಂಪು ಮಣ್ಣು ಹಿಡಿದಿದ್ದರೆ ಸೀಲ್ ಹೋಗಿದೆ. ಸೀಟಿನ ಹಿಂಭಾಗ ಜೋರಾಗಿ ಒತ್ತಿ ಬಿಟ್ಟು ನೋಡಿ: ಒಂದೇ ಸಲಕ್ಕೆ ಮೇಲೆ ಬಂದು ನಿಂತರೆ ಎಣ್ಣೆ ಇದೆ, ಮತ್ತೆ ಮತ್ತೆ ಕುಣಿದರೆ ಮುಗಿದಿದೆ. ನಮ್ಮ ಮಣ್ಣಿನ ಮರಳಿನ ಕಣ ಈ ಸೀಲುಗಳ ಶತ್ರು. ಕಡ್ಡಿ ಮೇಲಿನ ಧೂಳನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸುವವರ ಶಾಕ್ ಬೇರೆಯವರದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಉದ್ದದ ವಿಷಯದಲ್ಲಿ ರಾಜಿ ಬೇಡ. ಹಳೆಯದರ ಎರಡು ಕಣ್ಣುಗಳ ನಡುವಿನ ಅಳತೆಯೇ ಹೊಸದಕ್ಕೂ ಇರಬೇಕು. ಒಂದು ಅಂಗುಲ ಉದ್ದದ್ದು ಹಾಕಿದರೆ ಹಿಂಭಾಗ ಎದ್ದು ಹ್ಯಾಂಡಲ್ ಚುರುಕಾಗಿ, ಗಾಡಿ ವೇಗದಲ್ಲಿ ಅತ್ತಿತ್ತ ಅಲುಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಅತಿಯಾಗಿ ವಾಲುತ್ತದೆ. ಗಿಡ್ಡದ್ದಾದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ವಿದ್ಯುತ್ ಗಾಡಿಯಲ್ಲಿ ಇನ್ನೂ ಎರಡು ಕಾರಣ ಉಂಟು. ಐಕ್ಯೂಬಿನಂಥ ಗಾಡಿಗಳಲ್ಲಿ ಮೋಟಾರು ಹಿಂಚಕ್ರದ ಗುಂಭದಲ್ಲೇ ಇದೆ. ಅದಕ್ಕೆ ಹೋಗುವ ದಪ್ಪ ತಂತಿಗಳು ಸ್ವಿಂಗ್ ಆರ್ಮಿನ ಗುಂಟ ಹಾದಿರುತ್ತವೆ. ಉದ್ದದ ಶಾಕ್ ಹಾಕಿ ಚಕ್ರ ಪೂರ್ತಿ ಇಳಿದಾಗ ಆ ತಂತಿಗಳು ಬಿಗಿದು, ಮೇಲಿನ ಹೊದಿಕೆ ಸವೆಯಬಹುದು. ಚಕ್ರದಲ್ಲೇ ಮೋಟಾರಿರುವ ಗಾಡಿಯಲ್ಲಿ ಚಕ್ರ ಭಾರವಾಗಿರುತ್ತದೆ. ಭಾರದ ಚಕ್ರ ಗುಂಡಿಯಿಂದ ಎದ್ದಾಗ ಅದನ್ನು ಹಿಡಿದು ನಿಲ್ಲಿಸಲು ಎಣ್ಣೆಯ ತಡೆ ಇನ್ನೂ ಚೆನ್ನಾಗಿರಬೇಕು. ಏಥರಿನಂತೆ ಬೆಲ್ಟಿನಿಂದ ಚಕ್ರ ತಿರುಗುವ ಗಾಡಿಗಳಲ್ಲಿ ಸ್ವಿಂಗ್ ಆರ್ಮಿನ ಕೋನ ಬದಲಾದರೆ ಬೆಲ್ಟಿನ ಬಿಗಿಯೂ ಬದಲಾಗುವ ಸಂಭವವಿದೆ.

ಇನ್ನೊಂದು ಬ್ಯಾಟರಿ. ಹಲವು ಸ್ಕೂಟರುಗಳಲ್ಲಿ 20 ಕಿಲೊ ಆಸುಪಾಸಿನ ಬ್ಯಾಟರಿ ಕಾಲಿಡುವ ಹಲಗೆಯ ಕೆಳಗೇ ಇರುತ್ತದೆ, ನೆಲದಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ. ಹಿಂದೆ ಚೀಲ ಹೇರಿ ಶಾಕ್ ಪೂರ್ತಿ ಅದುಮಿದ ಗಾಡಿ, ಟ್ರ್ಯಾಕ್ಟರ್ ಜಾಡಿನ ನಡುವಿನ ದಿಣ್ಣೆಗೆ ಹೊಟ್ಟೆ ತಾಗಿಸುತ್ತದೆ. ಎಂಜಿನ್ ಗಾಡಿಯಲ್ಲಾದರೆ ಕಬ್ಬಿಣಕ್ಕೊಂದು ಗೀರು ಬಿದ್ದು ಹೋಗುತ್ತಿತ್ತು. ಇಲ್ಲಿ ಇಡೀ ಗಾಡಿಯಲ್ಲಿ ಅತಿ ಬೆಲೆಯ ಭಾಗವೇ ಕೆಳಗಿದೆ. ಹಳ್ಳಿಯ ವಿದ್ಯುತ್ ಗಾಡಿಗೆ ಒಳ್ಳೆಯ ಶಾಕ್ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಸೊಂಟದಷ್ಟೇ ದೊಡ್ಡ ಕಾರಣ ಇದು. ಪೆಟ್ಟು ಬಿದ್ದ ಅನುಮಾನವಿದ್ದರೆ ಚಾರ್ಜಿಗೆ ಹಾಕುವ ಮೊದಲು ಸರ್ವಿಸ್ ಸೆಂಟರಿನಲ್ಲಿ ತಳ ಬಿಚ್ಚಿ ನೋಡಿಸುವುದು ಕ್ಷೇಮ.

ಜೋಡಿಸುವ ಕೆಲಸ ಗ್ಯಾರೇಜಿನದೇ ಆದರೂ ಪಕ್ಕದಲ್ಲಿ ನಿಂತು ನೋಡುವವರಿಗೆ ಕ್ರಮ ಗೊತ್ತಿರಲಿ. ಗಾಡಿ ಆರಿಸಿ ಕೀಲಿ ಕೈಗೆ ತೆಗೆದುಕೊಳ್ಳಬೇಕು; ಚಕ್ರದಲ್ಲಿ ಮೋಟಾರಿರುವ ಗಾಡಿಯ ಆಕ್ಸಿಲರೇಟರಿಗೆ ಯಾರೋ ಕೈ ತಾಗಿಸಿದರೆ ಸದ್ದಿಲ್ಲದೆ ಚಕ್ರ ತಿರುಗಿಬಿಡುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರದ ಕೆಳಗೆ ಮರದ ತುಂಡು ಕೊಡಬೇಕು. ಎರಡು ಶಾಕಿನ ಗಾಡಿಯಾದರೆ ಒಂದನ್ನು ಬಿಚ್ಚಿ ಹೊಸದು ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು, ಇಲ್ಲದಿದ್ದರೆ ಚಕ್ರ ಕಳಚಿದಂತೆ ಇಳಿದು ತಂತಿ, ಬ್ರೇಕ್ ಕೇಬಲ್ ಎಳೆದುಕೊಳ್ಳುತ್ತದೆ. ಒಂದು ಬದಿ ಮಾತ್ರ ಹೊಸದು ಹಾಕುವುದು ಬೇಡವೇ ಬೇಡ: ಹೊಸದು ಗಟ್ಟಿ, ಹಳೆಯದು ಮೆದು, ಸ್ವಿಂಗ್ ಆರ್ಮ್ ತಿರುಚುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆ ಎತ್ತುವ ಮೊದಲು ತುಕ್ಕಿನ ಎಣ್ಣೆ ಬಿಟ್ಟು ಕಾಯಬೇಕು.

ಅವಸರದಲ್ಲಿ ಬಿಟ್ಟುಹೋಗುವ ಒಂದು ಸೂಕ್ಷ್ಮ ಇಲ್ಲಿದೆ. ರಬ್ಬರ್ ಬುಷ್ ಒಳಗಿನ ಉಕ್ಕಿನ ತೋಳಿಗೂ ಹೊರಗಿನ ಕಣ್ಣಿಗೂ ಅಂಟಿಕೊಂಡಿರುತ್ತದೆ. ಶಾಕ್ ಆಡಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗಲೇ ಬೋಲ್ಟು ಪೂರ್ತಿ ಬಿಗಿದುಬಿಟ್ಟರೆ, ಗಾಡಿ ಕೆಳಗಿಳಿದ ಕ್ಷಣದಿಂದ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟನ್ನು ಸಡಿಲವಾಗಿ ಹಾಕಿ, ಗಾಡಿ ನೆಲಕ್ಕಿಳಿಸಿ, ಒಬ್ಬರು ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಎಷ್ಟು ಬಿಗಿ ಎಂಬುದು ಸರ್ವಿಸ್ ಪುಸ್ತಕದಲ್ಲಿದೆ, ಟಾರ್ಕ್ ಸ್ಪ್ಯಾನರ್ ಇರುವ ಗ್ಯಾರೇಜ್ ಹುಡುಕಿದರೆ ಒಳ್ಳೆಯದು. ನೈಲಾನ್ ಉಂಗುರವಿರುವ ನಟ್ಟು ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು. ಶಾಕಿನಿಂದ ಸ್ಪ್ರಿಂಗ್ ಬಿಡಿಸುವ ಕೆಲಸವನ್ನು ಅದಕ್ಕೆಂದೇ ಇರುವ ಕ್ಲ್ಯಾಂಪ್ ಇಲ್ಲದೆ ಯಾರೂ ಮಾಡಬಾರದು. ಅದುಮಿದ ಸ್ಪ್ರಿಂಗ್ ಸಿಡಿದರೆ ಮುಖಕ್ಕೇ ಬರುತ್ತದೆ.

ಕಾನೂನಿನ ಮಾತು ಸ್ವಲ್ಪ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಹಿಂದೆ ದೊಡ್ಡ ಕಬ್ಬಿಣದ ಕ್ಯಾರಿಯರ್ ವೆಲ್ಡ್ ಮಾಡಿಸುವ ಮೊದಲು ಇದನ್ನು ನೆನೆಯಬೇಕು; ಫ್ರೇಮಿಗೆ ವೆಲ್ಡಿಂಗ್ ಹೊಡೆದರೆ ವಿದ್ಯುತ್ ಗಾಡಿಯ ಎಲೆಕ್ಟ್ರಾನಿಕ್ಸ್ ಸುಡುವ ಭಯವೂ ಉಂಟು. ವಾರಂಟಿ ಮುಗಿಯದ ಗಾಡಿಗೆ ಹೊರಗಿನ ಶಾಕ್ ಹಾಕಿಸುವವರು ಷೋರೂಮಿನವರನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯಲಿ. ಮೋಟಾರಿನ ಶಕ್ತಿ 250 ವಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗಿರುವ ವಿದ್ಯುತ್ ಸೈಕಲ್ಲಿಗೆ ನೋಂದಣಿಯೇ ಇಲ್ಲ.

ಹೊಸ ಶಾಕ್ ಹಾಕಿದ ದಿನವೇ ಅಳತೆ ತೆಗೆಯಿರಿ. ಹಿಂಚಕ್ರದ ಆಕ್ಸೆಲ್ ನಟ್ಟಿನಿಂದ ನೇರ ಮೇಲಕ್ಕೆ, ಸೀಟಿನ ಪಕ್ಕದ ಕವರಿನ ಮೇಲೆ ಒಂದು ಪಟ್ಟಿ ಅಂಟಿಸಿ ಗುರುತು ಹಾಕಿ. ಸೆಂಟರ್ ಸ್ಟ್ಯಾಂಡಿನಲ್ಲಿ ಚಕ್ರ ನೇತಾಡುವಾಗ ಎಷ್ಟು, ನೀವು ಕೂತಾಗ ಎಷ್ಟು, ಕಾಯಿ ಚೀಲ ಹೇರಿ ಕೂತಾಗ ಎಷ್ಟು ಎಂದು ಮೂರು ಸಲ ಅಳೆದು ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ಬರೆದಿಡಿ. ಒಬ್ಬರೇ ಕೂತಾಗ ಒಟ್ಟು ಆಟದ ನಾಲ್ಕನೇ ಒಂದು ಪಾಲು, ಭಾರ ಹೇರಿದಾಗ ಐದರಲ್ಲಿ ಎರಡು ಪಾಲಿನ ಒಳಗೆ ಕೂತರೆ ನಮ್ಮ ದಾರಿಗೆ ಹೊಂದಿದ ಶಾಕ್ ಸಿಕ್ಕಿದೆ. ಚೀಲವನ್ನು ಆದಷ್ಟು ಸೀಟಿಗೆ ಹತ್ತಿರ, ತಗ್ಗಿನಲ್ಲಿ ಕಟ್ಟಿ. ಆಕ್ಸೆಲ್ಲಿಗಿಂತ ಹಿಂದಕ್ಕೆ ಹೋದಷ್ಟೂ ಮುಂಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ನೂರು ಕಿಲೊಮೀಟರ್ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿಸಿ. ಆರು ತಿಂಗಳಿಗೊಮ್ಮೆ ಅದೇ ಗುರುತಿಗೆ ಟೇಪು ಹಿಡಿದರೆ, ಸ್ಪ್ರಿಂಗ್ ಬಳಲಿ ಗಾಡಿ ಹೆಚ್ಚು ಕೂರುತ್ತಿದೆಯೇ ಎಂಬುದು ಸೊಂಟ ಹೇಳುವ ಮೊದಲೇ ಗೊತ್ತಾಗುತ್ತದೆ. ತೆಗೆದುಹಾಕಿದ ಹಳೆಯ ಶಾಕ್ ಅನಿಲದ್ದಾಗಿದ್ದರೆ ಗುಜರಿಯವನಿಗೆ ಹಾಗೆಂದು ಬಾಯಿಬಿಟ್ಟು ಹೇಳಿ ಕೊಡಿ. ಒತ್ತಡದ ಅನಿಲವಿರುವ ಕೊಳವೆಯನ್ನು ತಿಳಿಯದೆ ಗ್ಯಾಸ್ ಕಟರಿನಿಂದ ಕತ್ತರಿಸಲು ಹೋದರೆ ಅದು ಸಿಡಿಯುತ್ತದೆ.